ಹೆಬ್ಬೆರಳು ಎತ್ತಿದ ಮೇಲೆ ಕಾರಣ ಕೇಳುವ ಹಾಗಿಲ್ಲ

ನೀರು ತುಂಬಿದ ಗುಹೆಗಳಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಈಜುವ ಡೈವರುಗಳು ಹೆಬ್ಬೆರಳು ಮೇಲೆತ್ತಿ ತೋರಿಸಿದರೆ ‘ಸಾಕು, ಹೊರಗೆ ಹೋಗೋಣ’ ಅಂತ ಅರ್ಥ. ನಾವು ಫೋನಿನಲ್ಲಿ ಎಲ್ಲದಕ್ಕೂ ಒತ್ತಿ ಕಳಿಸುತ್ತೇವಲ್ಲ, ಅದೇ ಹೆಬ್ಬೆರಳು. ತಂಡದಲ್ಲಿ ಮೂವರಿದ್ದರೆ, ಮೂವರಲ್ಲಿ ಯಾರು ಎತ್ತಿದರೂ ಉಳಿದಿಬ್ಬರು ತಾವೂ ಹೆಬ್ಬೆರಳು ಎತ್ತಿ ತೋರಿಸಿ ಅಲ್ಲಿಂದಲೇ ತಿರುಗಬೇಕು. ಎತ್ತಿದವನು ನಿನ್ನೆ ಮೊನ್ನೆ ಕಲಿತವನಾದರೂ ಅಷ್ಟೇ, ತಂಡದ ಹಿರಿಯನಾದರೂ ಅಷ್ಟೇ. ಕಾರಣ ಕೇಳುವ ಹಾಗಿಲ್ಲ. ನೀರೊಳಗಂತೂ ಕೇಳಲು ಆಗುವುದೇ ಇಲ್ಲ. ದಡಕ್ಕೆ ಬಂದ ಮೇಲೂ ‘ನಿನ್ನ ದೆಸೆಯಿಂದ ಇವತ್ತಿನದು ಹಾಳಾಯಿತು’ ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ಈ ನಿಯಮ ಕೇಳಿದಾಗಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಾವಿ ಕಟ್ಟೆಯ ಮೇಲೆ, ಎಲ್ಲೆಲ್ಲಿ ಯಾರಾದರೂ ‘ನನಗೆ ಸಾಕು’ ಅಂದಾಗ ಸುತ್ತಲಿನವರು ‘ಯಾಕ?’ ಅಂತ ಮುಗಿಬೀಳುವುದನ್ನು ನೋಡುತ್ತೇನೋ ಅಲ್ಲೆಲ್ಲ ಇದು ನೆನಪಾಗುತ್ತದೆ.

ಕಲಬುರಗಿಯಲ್ಲಿ ಕೂತು ಗುಹೆಯೊಳಗಿನ ಈಜಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ನಮಗೆ ಸಮುದ್ರವಿಲ್ಲ, ಏಪ್ರಿಲ್ ಬಂದರೆ ಭೀಮಾ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ನನಗೆ ಇದನ್ನು ಹಚ್ಚಿದವನು ನಮ್ಮ ಅಣ್ಣನ ಮಗ. 2018ರ ಜೂನ್ ಕೊನೆಗೆ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಬಿದ್ದಾಗ ನಮ್ಮ ಮನೆಯ ಟಿವಿ ಆರಿರಲೇ ಇಲ್ಲ. ಹುಡುಗ ಆಗ ಕಾಲೇಜಿನಲ್ಲಿದ್ದ. ಅದೇ ಗುಂಗಿನಲ್ಲಿ ಮುಂದೆ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗುವುದನ್ನು ಕಲಿತ. ನೌಕರಿ ಹಿಡಿದು ಹೊರದೇಶಕ್ಕೆ ಹೋದ ಮೇಲೆ ಮೆಕ್ಸಿಕೊದ ಯುಕಟಾನಿನಲ್ಲಿ ಗುಹೆಯ ತರಬೇತಿಗೂ ಸೇರಿದ. ಅಲ್ಲಿನ ನೆಲ ಪೂರ್ತಿ ಸುಣ್ಣದ ಕಲ್ಲು. ಮಳೆನೀರು ಆ ಕಲ್ಲನ್ನು ಲಕ್ಷಾಂತರ ವರ್ಷ ಕರಗಿಸಿ ಕರಗಿಸಿ ನೆಲದಡಿಯಲ್ಲಿ ಓಣಿಗಳನ್ನೇ ಮಾಡಿದೆ, ಆಮೇಲೆ ಅವುಗಳಲ್ಲಿ ನೀರು ತುಂಬಿದೆ. ‘ಕಾಕಾ, ನಮ್ಮ ಶಹಾಬಾದ ಪರಸಿನೂ ಸುಣ್ಣದ ಕಲ್ಲೇ ಅದಲ್ರಿ’ ಅಂತ ಅವನು ಫೋನಿನಲ್ಲಿ ಹೇಳಿದಾಗ ನನಗೆ ಆ ದೇಶ ಸ್ವಲ್ಪ ಹತ್ತಿರ ಬಂದ ಹಾಗಾಯಿತು.

ಬೇವಿನ ಗಿಡಕ್ಕೆ ಕಟ್ಟಿದ ದಾರ

ಪಂಚಮಿಗೆ ಊರಿಗೆ ಬಂದವನು ಒಂದು ಸಂಜೆ ಅಂಗಳದಲ್ಲಿ ಬಿಳಿ ನೈಲಾನ್ ದಾರ ಬಿಚ್ಚಲು ಶುರು ಮಾಡಿದ. ಬೇವಿನ ಗಿಡದ ಬುಡಕ್ಕೆ ಎರಡು ಸುತ್ತು, ಅಲ್ಲಿಂದ ನೀರಿನ ಟಾಕಿಯ ಕಂಬಕ್ಕೆ, ತುಳಸಿ ಕಟ್ಟೆಯ ಮೂಲೆ ಬಳಸಿ ಕಿಟಕಿಯ ಸರಳಿಗೆ, ನಿಲ್ಲಿಸಿದ್ದ ಬೈಕಿನ ಅಡಿಯಿಂದ ತೂರಿಸಿ ಕೊನೆಗೆ ಗೇಟಿಗೆ. ಗುಹೆಯ ಪಾಠ ಶುರುವಾಗುವುದೇ ಹೀಗೆ ನೆಲದ ಮೇಲಂತೆ, ಗಿಡಗಳ ನಡುವೆ ದಾರ ಕಟ್ಟಿಕೊಂಡು ಕಣ್ಣು ಮುಚ್ಚಿ. ನನ್ನ ಕಣ್ಣಿಗೆ ಟವೆಲ್ ಕಟ್ಟಿದ. ಎಡಗೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿಸಿ ಅದರೊಳಗೆ ದಾರ ಬರುವ ಹಾಗೆ ಹಿಡಿಸಿದ. ‘ಎಳೀಬ್ಯಾಡ್ರಿ ಕಾಕಾ, ಜೋತು ಬೀಳಬ್ಯಾಡ್ರಿ. ಅದು ಸುಮ್ಮ ನಿಮ್ಮ ಕೈಯಾಗ ಹರೀಬೇಕು. ಕಿತ್ತು ಬಂದ್ರ ಮನಿಗಿ ಹೋಗೋ ದಾರಿನೇ ಇಲ್ಲ.’ ತಾನು ಹಿಂದೆ ನಿಂತು ನನ್ನ ಬಲತೋಳು ಹಿಡಿದ. ಇನ್ನು ಮಾತು ಬಂದ್, ತೋಳಿನ ಮೇಲಿನ ಕೈಯೇ ಮಾತು ಅಂದ. ಮುಂದಕ್ಕೆ ದಬ್ಬಿದರೆ ನಡಿ. ಹಿಚುಕಿದರೆ ನಿಲ್ಲು. ಹಿಂದಕ್ಕೆ ಎಳೆದರೆ ಹಿಂದೆ ಸರಿ. ಇಷ್ಟೇ ಶಬ್ದಕೋಶ.

ನಾನು ಹುಟ್ಟಿ ಬೆಳೆದ ಅಂಗಳ ಅದು. ಆದರೆ ಟಾಕಿಯ ಕಂಬ ದಾಟುವಷ್ಟರಲ್ಲಿ ನನಗೆ ದಿಕ್ಕು ತಪ್ಪಿತ್ತು. ತುಳಸಿ ಕಟ್ಟೆ ಎಡಕ್ಕೆ ಬರಬೇಕು ಅಂತ ತಲೆ ಹೇಳುತ್ತಿತ್ತು, ದಾರ ಬಲಕ್ಕೆ ಹೊರಟಿತ್ತು. ತಲೆಯನ್ನು ಬಿಟ್ಟು ದಾರವನ್ನು ನಂಬುವುದು ಎಷ್ಟು ಕಷ್ಟ ಅನ್ನುವುದು ಆಗ ಗೊತ್ತಾಯಿತು. ಒಂದು ಕಡೆ ಬೆರಳಿಗೆ ಗಂಟು ಸಿಕ್ಕಿತು, ಅಲ್ಲಿ ದಾರ ಎರಡಾಗಿತ್ತು. ಗಂಟಿನ ಪಕ್ಕ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡೊಂದು ದಾರಕ್ಕೆ ಸಿಕ್ಕಿಸಿತ್ತು. ಸವರಿ ನೋಡಿದೆ, ಮೂರು ಮೂಲೆ, ಒಂದು ಮೂಲೆ ಚೂಪು. ಚೂಪು ಯಾವ ಕಡೆ ಇದೆಯೋ ಆ ಕಡೆ ಹೊರದಾರಿ. ನಿಜವಾದ ಗುಹೆಗಳಲ್ಲಿಯೂ ಹೀಗೆಯೇ ಬಾಣದ ಗುರುತು ಇರುತ್ತವೆ, ಕತ್ತಲಲ್ಲಿ ಬೆರಳಿನಿಂದ ಓದಲು. ಇನ್ನೊಂದು ತರಹ ದುಂಡಗಿನ ಬಿಲ್ಲೆ. ಅದಕ್ಕೆ ದಿಕ್ಕಿಲ್ಲ, ‘ನಾನು ಈ ಕಡೆ ಹೋಗಿದ್ದೇನೆ’ ಅಂತ ಒಬ್ಬೊಬ್ಬರು ಬಿಟ್ಟುಹೋಗುವ ಗುರುತು. ನಾನು ಚೂಪು ಮೂಲೆಯ ಮೇಲೆ ಬೆರಳಿಟ್ಟು ನಿಂತಿದ್ದಾಗ ತೋಳಿನ ಮೇಲಿನ ಕೈ ಸುಮ್ಮನೆ ಕಾಯುತ್ತಿತ್ತು. ಹಿಚುಕಲೂ ಇಲ್ಲ, ದಬ್ಬಲೂ ಇಲ್ಲ. ನಾನು ಬಾಣದ ಕಡೆ ಹೊರಳಿದ ಮೇಲೆಯೇ ಮೆಲ್ಲಗೆ ದಬ್ಬಿತು. ಬೈಕಿನ ಹತ್ತಿರ ಬಂದಾಗ ಗಟ್ಟಿಯಾಗಿ ಹಿಚುಕಿದ, ನಿಂತೆ. ಮೊಳಕಾಲಿಗೆ ಸೈಲೆನ್ಸರ್ ತಾಗುವುದರಲ್ಲಿತ್ತು.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಗುಹೆಯ ತಳದ ಕೆಸರು ಅಷ್ಟು ನುಣುಪು. ಕಾಲಿಗೆ ಹಾಕಿದ ಫಿನ್, ಅಂದರೆ ಈಜುವ ರೆಕ್ಕೆ, ಒಂದು ಸಲ ತಪ್ಪಿ ಬಡಿದರೆ ಕನ್ನಡಿಯಂತಿದ್ದ ನೀರು ಹಾಲು ಹಾಕಿದ ಚಹಾ ಆಗಿಬಿಡುತ್ತದೆ. ಅದು ತಿಳಿಯಾಗಲು ಗಂಟೆಗಟ್ಟಲೆ ಬೇಕು, ಸಿಲಿಂಡರಿನಲ್ಲಿ ಅಷ್ಟು ಗಾಳಿ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬೆರಳಿನ ಸನ್ನೆಯೂ ಕಾಣುವುದಿಲ್ಲ, ಟಾರ್ಚಿನ ಬೆಳಕೂ ಕಾಣುವುದಿಲ್ಲ. ಉಳಿಯುವುದು ದಾರ ಮತ್ತು ಒಬ್ಬರ ಮೇಲೊಬ್ಬರ ಕೈ.

ಸನ್ನೆ ಮುಗಿಯುವುದು ಎಲ್ಲಿ

ಕಣ್ಣಿಗೆ ಕಾಣುವ ಸನ್ನೆಗಳನ್ನು ಅವನು ಊಟದ ಹೊತ್ತಿನಲ್ಲಿ ಕಲಿಸಿದ. ಎಲ್ಲವೂ ಒಂದೇ ಕೈಯವು, ಯಾಕೆಂದರೆ ಇನ್ನೊಂದು ಕೈಯಲ್ಲಿ ಬೆಳಕೋ ದಾರವೋ ಇರುತ್ತದೆ. ಒಂದರಿಂದ ಐದರವರೆಗೆ ಬೆರಳು ನಿಲ್ಲಿಸಿ ತೋರಿಸಬೇಕು, ಆರರಿಂದ ಒಂಬತ್ತಕ್ಕೆ ಅದೇ ಬೆರಳುಗಳನ್ನು ಅಡ್ಡ ಮಲಗಿಸಬೇಕು: ಒಂದು ಬೆರಳು ಅಡ್ಡ ಮಲಗಿದರೆ ಆರು, ಎರಡಾದರೆ ಏಳು. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 140 ಬಾರ್ ಉಳಿದಿದ್ದರೆ (ಬಾರ್ ಅಂದರೆ ಒತ್ತಡದ ಅಳತೆ) ಒಂದು, ನಾಲ್ಕು, ಸೊನ್ನೆ ಅಂತ ಬಿಡಿಬಿಡಿಯಾಗಿ. ತೋರುಬೆರಳು ನಡುಬೆರಳು ಹೆಣೆದರೆ ದಾರ. ತೋರುಬೆರಳು ಕೊಕ್ಕೆ ಮಾಡಿದರೆ ಪ್ರಶ್ನೆ. ಕಿರುಬೆರಳು ಎತ್ತಿದರೆ ‘ನೇರ ಮೇಲೆ ಹೋಗುವ ಹಾಗಿಲ್ಲ, ನಡುನಡುವೆ ನಿಂತು ಮೈಯೊಳಗಿನ ನೈಟ್ರೋಜನ್ ಇಳಿಸಿಕೊಳ್ಳಬೇಕು’ ಅನ್ನುವಷ್ಟು ಉದ್ದದ ಮಾತು. ಗಂಟಲಿಗೆ ಅಡ್ಡ ಕೈ ಬೀಸಿದರೆ ಗಾಳಿ ಇಲ್ಲ. ಆಗ ಎದುರಿನವನು ತನ್ನ ಬಾಯಲ್ಲಿರುವ, ಉಸಿರಾಡುವ ರೆಗ್ಯುಲೇಟರನ್ನೇ ತೆಗೆದು ಕೊಡುತ್ತಾನೆ. ಅದರ ಕೊಳವೆ ಎರಡು ಮೀಟರಿಗೂ ಉದ್ದ ಇರುವುದು, ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಈಜಿ ಬರಲಿ ಅಂತ. ಗಾಳಿ ಇಲ್ಲದವನು ಮುಂದೆ, ಕೊಟ್ಟವನು ಹಿಂದೆ. ಆ ಕ್ರಮ ನನಗೆ ಬಹಳ ಹಿಡಿಸಿತು.

ಕೈ ಕಾಣಬೇಕಾದರೆ ತನ್ನ ಟಾರ್ಚನ್ನು ತನ್ನ ಕೈ ಮೇಲೇ ಹಿಡಿಯಬೇಕು, ಎದುರಿನವನ ಕಣ್ಣಿಗಲ್ಲ. ದೂರ ಇದ್ದರೆ ಬೆಳಕೇ ಸನ್ನೆ. ಗೋಡೆಯ ಮೇಲೆ ನಿಧಾನವಾಗಿ ವೃತ್ತ ಬರೆದರೆ ‘ಎಲ್ಲ ಸರಿ ಇದೆಯಾ?’, ಅಡ್ಡಡ್ಡ ಜೋರಾಗಿ ಬೀಸಿದರೆ ಆಪತ್ತು. ಮುಂದೆ ಹೋಗುವವನು ಹಿಂದೆ ತಿರುಗಿ ನೋಡುವುದೇ ಇಲ್ಲ ಬಹಳ ಹೊತ್ತು. ಹಿಂದಿನವನ ಬೆಳಕು ತನ್ನ ಪಕ್ಕದ ಕಲ್ಲಿನ ಮೇಲೆ ಶಾಂತವಾಗಿ ಬರುತ್ತಿದ್ದರೆ ಸಾಕು, ಅವನು ಚೆನ್ನಾಗಿದ್ದಾನೆ. ಬೆಳಕು ಗಡಬಡಿಸಿದರೆ ಅಥವಾ ಕಾಣದಾದರೆ ಆಗ ನಿಲ್ಲುತ್ತಾನೆ. ದನಿಯನ್ನು ನಂಬಲು ಬರುವುದಿಲ್ಲ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಎಡದಿಂದ ಬಂತೋ ಬಲದಿಂದ ಬಂತೋ ಕಿವಿಗೆ ತಿಳಿಯುವುದಿಲ್ಲ.

ಇವುಗಳಲ್ಲಿ ಮೂರನ್ನು ಮಾತ್ರ ಅವರು ಬೇರೆಯಾಗಿ ಇಟ್ಟಿದ್ದಾರೆ. ಹೆಬ್ಬೆರಳು ತೋರುಬೆರಳಿನ ಉಂಗುರ, ಅಂದರೆ ಸರಿ ಇದ್ದೇನೆ, ನೀನು ಸರಿ ಇದ್ದೀಯಾ. ಮುಷ್ಟಿ, ಅಂದರೆ ನಿಲ್ಲು. ಮತ್ತು ಹೆಬ್ಬೆರಳು. ಈ ಮೂರಕ್ಕೆ ತಲೆಯಾಡಿಸಿದರೆ ನಡೆಯುವುದಿಲ್ಲ, ಅದೇ ಸನ್ನೆಯನ್ನು ಹಾಗೆಯೇ ಮರಳಿ ತೋರಿಸಬೇಕು. ಮರಳಿ ಬರುವ ತನಕ ಸನ್ನೆ ಮುಗಿದಿಲ್ಲ ಅಂತಲೇ ಲೆಕ್ಕ. ತೋರಿಸಿದವನು ತೋರಿಸುತ್ತಲೇ ಇರಬೇಕು. ಮುಷ್ಟಿ ತೋರಿಸಿದ್ದಕ್ಕೆ ಉಂಗುರ ತೋರಿಸಿದರೆ ಅದು ಉತ್ತರವಲ್ಲ. ಆಳ ಹೆಚ್ಚಾದ ಹಾಗೆ ನೈಟ್ರೋಜನ್ ತಲೆಗೇರಿ ಬುದ್ಧಿ ಮಂಕಾಗುತ್ತದೆ, ಸಾಮಾನ್ಯವಾಗಿ 30 ಮೀಟರ್ ಆಚೆಗೆ. ಮಂಕಾದವನು ಎಲ್ಲದಕ್ಕೂ ಸುಮ್ಮನೆ ‘ಹೂಂ’ ಅನ್ನುತ್ತಾನೆ. ಅದೇ ಸನ್ನೆಯನ್ನು ಮಾಡಿಸುವುದರಿಂದ ಅವನು ಕಂಡನೋ ಇಲ್ಲವೋ, ಕಂಡದ್ದು ತಲೆಗೆ ಹೋಯಿತೋ ಇಲ್ಲವೋ ಎರಡೂ ಗೊತ್ತಾಗುತ್ತವೆ. ನಾವು ದಿನಾಲೂ ಎಷ್ಟು ಜನರ ‘ಹೂಂ’ ನಂಬಿ ಮುಂದೆ ಹೋಗುತ್ತೇವೆ ಅಂತ ಯೋಚಿಸಿದರೆ ಭಯವಾಗುತ್ತದೆ.

ಥಾಯ್ಲೆಂಡಿನಲ್ಲಿ ಈ ಏರ್ಪಾಡು ಪೂರ್ತಿ ಮುರಿದುಬಿದ್ದಿತ್ತು. ಗಾಬರಿಯಾಗದಿರಲಿ ಅಂತ ಹುಡುಗರಿಗೆ ಅರಿವಳಿಕೆ ಕೊಟ್ಟು, ಮುಖವಿಡೀ ಮುಚ್ಚುವ ಮಾಸ್ಕ್ ಹಾಕಿ, ಒಬ್ಬೊಬ್ಬನನ್ನು ಒಬ್ಬೊಬ್ಬ ಡೈವರ್ ಹಿಡಿದುಕೊಂಡು ಕೆಸರುನೀರಿನಲ್ಲಿ ದಾರ ಸವರುತ್ತ ಹೊರಗೆ ತಂದರು. ಕೇಳಿದರೆ ಉತ್ತರ ಕೊಡುವವರಿಲ್ಲ. ಹುಡುಗ ಬಿಡುವ ಗಾಳಿಯ ಗುಳ್ಳೆಯೊಂದೇ ಉತ್ತರ. 2018ರ ಜುಲೈ 8ರಿಂದ 10ರವರೆಗೆ 13 ಜನರೂ ಹೊರಬಂದರು. ಅದಕ್ಕೆ ಮುಂಚೆ, ಜುಲೈ 6ರಂದು, ಒಳಗೆ ಸಿಲಿಂಡರ್ ಇಟ್ಟು ಮರಳುತ್ತಿದ್ದ ಸಮಾನ್ ಕುನಾನ್ ತೀರಿಕೊಂಡಿದ್ದರು. ಅವರ ಹೆಸರು ಹೇಳದೆ ಆ ಘಟನೆ ಹೇಳಬಾರದು ಅನ್ನಿಸುತ್ತದೆ.

ಝರಣಿಯೊಳಗೆ ಅತ್ತಿ

ಬೀದರಿನ ಝರಣಿ ನರಸಿಂಹನ ಬಗ್ಗೆ ನಮ್ಮ ಕಡೆಯವರಿಗೆ ಹೇಳುವುದೇನಿದೆ. ಎದೆಮಟ್ಟದ ನೀರು, ಸುಮಾರು 300 ಮೀಟರ್ ಸುರಂಗ, ನೆತ್ತಿಯ ಮೇಲೆ ಬಾವಲಿ, ಕೊನೆಯಲ್ಲಿ ಸ್ವಾಮಿ. ಝರಾಸುರ ಸತ್ತು ನೀರಾಗಿ ದೇವರ ಪಾದದಿಂದ ಹರಿಯುತ್ತಿದ್ದಾನೆ ಅನ್ನುವುದು ಕಥೆ. ನಮ್ಮ ಸೋದರತ್ತೆಗೆ ಬಹಳ ವರ್ಷದ ಹರಕೆಯಿತ್ತು, ನಾನೇ ಕರೆದುಕೊಂಡು ಹೋಗಿದ್ದೆ. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಹಿಂದಿನಿಂದ ನನ್ನ ಹೆಗಲು ಹಿಡಿದು, ‘ಗೋವಿಂದಾ’ ಅನ್ನುತ್ತ ಅತ್ತಿ ಉತ್ಸಾಹದಿಂದಲೇ ನೀರಿಗಿಳಿದಳು. ಒಳಗೆ ಹೋದ ಹಾಗೆ ಮುಂದಿನವರ ಗೋವಿಂದ, ಹಿಂದಿನವರ ಗೋವಿಂದ ಎರಡೂ ಕಲ್ಲಿಗೆ ಬಡಿದು ಒಂದೇ ಗದ್ದಲವಾಗಿ, ಪಕ್ಕದವರ ಮಾತೂ ಕೇಳದಂತಾಯಿತು. ಅರ್ಧ ದಾರಿಯಲ್ಲಿ ಹೆಗಲ ಮೇಲಿನ ಕೈ ಬಿಗಿಯಿತು. ಆಮೇಲೆ ಹಿಂದಕ್ಕೆ ಎಳೆಯಿತು. ತಿರುಗಿ ನೋಡಿದೆ. ನೀರಿನಿಂದ ಕೈಯೆತ್ತಿ ಅಂಗೈ ಅಲ್ಲಾಡಿಸಿದಳು, ಸಾಕು ಅಂತ. ಮುಖ ಬಿಳಿಚಿತ್ತು.

ಇಬ್ಬರೂ ಹೊರಳಿದೆವು. ಎದುರಿಗೆ ಬರುವವರ ಸಾಲು. ಮೊದಲನೆಯವರು ತಡೆದು, ‘ಯಾಕವ್ವಾ, ಏನಾಯ್ತು?’ ಅಂದರು. ಅತ್ತಿ ಹೇಳಿದಳು. ಎರಡು ಹೆಜ್ಜೆ ಇಟ್ಟರೆ ಇನ್ನೊಬ್ಬರು, ‘ಇನ್ನ ಸ್ವಲ್ಪೇ ಅದ, ನಡೀರಿ ನಡೀರಿ.’ ಅವರಿಗೂ ಹೇಳಿದಳು. ‘ಇಷ್ಟ ದೂರ ಬಂದು ದೇವ್ರ ಮುಖ ನೋಡದೇ ಹೊಂಟೀರೇನು? ಅವನೇ ಕಾಪಾಡ್ತಾನ, ಬರ್ರಿ.’ ಅವರೆಲ್ಲ ಒಳ್ಳೆಯವರೇ, ಒಬ್ಬಾಕೆ ಕೈ ಹಿಡಿದು ನಡೆಸುತ್ತೇನೆ ಅಂತಲೂ ಅಂದಳು. ಆದರೆ ಅತ್ತಿಗೆ ಎದೆಮಟ್ಟದ ನೀರಿನಲ್ಲಿ ಉಸಿರು ಸಾಲುತ್ತಿರಲಿಲ್ಲ, ಇದ್ದ ಉಸಿರನ್ನೆಲ್ಲ ಕಾರಣ ಹೇಳಲು ಖರ್ಚು ಮಾಡುತ್ತ ಬಂದಳು. ಹೊರಗೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡ ಮೇಲೆ ಅವಳು ಅಂದದ್ದು ಇಷ್ಟೇ: ‘ನೀರಾಗ ಅಷ್ಟ ತ್ರಾಸ ಆಗ್ಲಿಲ್ಲಪಾ. ಎಲ್ಲರಿಗೂ ಹೇಳಿ ಹೇಳೇ ಸಾಕಾಯ್ತು.’

ಅಣ್ಣನ ಮಗನಿಗೆ ಇದನ್ನು ಹೇಳಿದಾಗ ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಗುಹೆಯಲ್ಲಿ ತೊಂದರೆಯಲ್ಲಿ ಇರುವವನಿಗೆ ಕಾರಣ ತನಗೇ ಗೊತ್ತಿರುವುದಿಲ್ಲ ಅಂದ. ಎದೆಯಲ್ಲಿ ಏನೋ ಕಸಿವಿಸಿ, ಉಸಿರು ಯಾಕೋ ಜೋರು, ಅಷ್ಟೇ. ಕಾರಣ ಹೊರಬಂದ ಮೇಲೆ ತಿಳಿಯಬಹುದು, ತಿಳಿಯದೆಯೂ ಇರಬಹುದು. ಕಾರಣ ಹೇಳಿಯೇ ತಿರುಗಬೇಕು ಅಂತ ಇದ್ದರೆ ಕಾರಣ ಸಿಗುವವರೆಗೆ ಅವನು ಮುಂದೆ ಹೋಗುತ್ತಲೇ ಇರುತ್ತಾನೆ. ಗಾಳಿಯ ಲೆಕ್ಕ ಮೂರು ಪಾಲು: ಒಂದು ಒಳಗೆ ಹೋಗಲು, ಒಂದು ಬರಲು, ಒಂದು ಆಪತ್ತಿಗೆ. 210 ಬಾರಿನಿಂದ ಶುರು ಮಾಡಿದರೆ 140ಕ್ಕೆ ತಿರುಗಲೇಬೇಕು. ಆದರೆ 190ರಲ್ಲಿ ಇದ್ದಾಗಲೂ ಹೆಬ್ಬೆರಳಿಗೆ ಅದೇ ಬೆಲೆ. ಅವನ ಗುರುಗಳು ಅಭ್ಯಾಸದಲ್ಲಿ ಆಗಾಗ ಏನೂ ಆಗದೆಯೇ ಹೆಬ್ಬೆರಳು ಎತ್ತುತ್ತಿದ್ದರಂತೆ, ಶಿಷ್ಯರು ಮುಖ ಸಣ್ಣದು ಮಾಡುತ್ತಾರೇನು ನೋಡಲು. ತಲೆಯ ಮೇಲೆ ಬಂಡೆ ಇರುವಾಗ ಹೆಬ್ಬೆರಳು ಮೇಲೆ ತೋರಿಸಿದರೂ ದಾರಿ ಹಿಂದಕ್ಕೇ, ಬಂದಷ್ಟು ದೂರವೂ ಮತ್ತೆ ಈಜಬೇಕು. ಅದಕ್ಕೇ ಬೇಗ ಎತ್ತಬೇಕು, ಎತ್ತುವವನಿಗೆ ನಾಚಿಕೆಯಾಗಬಾರದು.

ಅಮೆರಿಕದ ಶೆಕ್ ಎಕ್ಸ್‌ಲಿ ಅನ್ನುವ ಡೈವರ್ ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಕೆದಕಿ 1979ರಲ್ಲಿ ಪ್ರಕಟಿಸಿದರು. ಹೊರಗಿನ ತನಕ ದಾರ ಹಾಕಿರಲಿಲ್ಲ, ಗಾಳಿಯ ಮೂರನೇ ಪಾಲಿನ ನಿಯಮ ಮೀರಿದ್ದರು, ಬಹಳ ಆಳಕ್ಕೆ ಹೋಗಿದ್ದರು. ಮತ್ತೆ ಮತ್ತೆ ಅವೇ ಕಾರಣ. ಎಕ್ಸ್‌ಲಿ ಸ್ವತಃ 1994ರಲ್ಲಿ ಮೆಕ್ಸಿಕೊದ ಜಕಟೋನ್ ಎಂಬ ಆಳದ ಹೊಂಡದಲ್ಲಿ ತೀರಿಕೊಂಡರು. ಫ್ಲೋರಿಡಾದ ಗುಹೆಗಳ ಬಾಯಲ್ಲಿ ನೀರೊಳಗೇ ಒಂದು ಫಲಕ ನಿಲ್ಲಿಸಿದ್ದಾರೆ: ಇಲ್ಲಿಂದ ಮುಂದೆ ಹೋಗಬೇಡಿ, ಸಮುದ್ರದಲ್ಲಿ ಮುಳುಗುವುದನ್ನು ಕಲಿಸುವ ಬೋಧಕರೂ ಇಂಥ ಗುಹೆಗಳಲ್ಲಿ ಸತ್ತಿದ್ದಾರೆ ಅಂತ. ಚೆನ್ನಾಗಿ ಈಜಲು ಬರುತ್ತದೆ ಅನ್ನುವುದು ಅಲ್ಲಿ ಕಾಪಾಡುವುದಿಲ್ಲ.

ನಮ್ಮ ಗಣಿ, ನಮ್ಮ ಬಾವಿ

ಈ ಫಲಕದ ಮಾತು ಕೇಳಿದಾಗ ನನಗೆ ಕಂಡದ್ದು ಶಹಾಬಾದ, ಚಿತ್ತಾಪುರದ ಕಡೆಯ ಪರಸಿ ಗಣಿಗಳು. ಕಲ್ಲು ತೆಗೆದು ಬಿಟ್ಟ ಹೊಂಡ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಅಂಚು ಗೋಡೆಯ ಹಾಗೆ ನೆಟ್ಟಗೆ. ಹುಡುಗರು ಗುಂಪಾಗಿ ಹೋಗುತ್ತಾರೆ, ಒಬ್ಬ ಹಾರುತ್ತಾನೆ, ಮೇಲಿನವರು ‘ನೀನೂ ಹಾರಲೇ, ಅಂಜ್ತಿ ಏನಲೇ’ ಅನ್ನುತ್ತಾರೆ. ಅಂಜುತ್ತೇನೆ ಅನ್ನಲು ಆ ಗುಂಪಿನಲ್ಲಿ ಯಾವ ಸನ್ನೆಯೂ ಇಲ್ಲ. ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಅಂತ ನಾವು ತಿಳಿದಿದ್ದೇವೆ. ನಿಜವಾಗಿ ಮುಳುಗುವಾಗ ಕೂಗಲು ಉಸಿರಿರುವುದಿಲ್ಲ, ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ದಡದಲ್ಲಿದ್ದವರಿಗೆ ಅದು ಆಟದ ಹಾಗೇ ಕಾಣುತ್ತದೆ. ಹಾಗಾಗಿ ಸನ್ನೆ ಅದಕ್ಕೂ ಮುಂಚೆ, ಮನಸ್ಸಿಗೆ ಬೇಡ ಅನ್ನಿಸಿದಾಗಲೇ ಬರಬೇಕು. ಪ್ರತಿ ವರ್ಷ ಪತ್ರಿಕೆಯ ಒಳಪುಟದಲ್ಲಿ ಇಂಥ ಹುಡುಗರ ಪಾಸ್‌ಪೋರ್ಟ್ ಫೋಟೊ ನೋಡಿ ನನಗೆ ಸಿಟ್ಟೂ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಹಗ್ಗದ ಭಾಷೆ ನಮ್ಮವರಿಗೆ ಹೊಸದಲ್ಲ. ಬಾವಿಗೆ ಬಿದ್ದ ಕೊಡ ತೆಗೆಯಲು ಬರುತ್ತಿದ್ದ ಮುದುಕರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುತ್ತಿದ್ದರು. ಅವರು ಜಗ್ಗಿದರೆ ಮೇಲಿನವರು ಒಂದು ಸಲ ಮರಳಿ ಜಗ್ಗಿ, ಆಮೇಲೆ ಸೇದಬೇಕು. ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನು ಬಹಮನಿಗಳ ಕಾಲದಲ್ಲಿ ಕಡಿದವರೂ ಮೇಲಿನ ಗಾಳಿಬಾವಿಗಳಿಂದ ಇಳಿಬಿಟ್ಟ ಹಗ್ಗದಲ್ಲೇ ಮಾತಾಡಿರಬೇಕು ಅಂತ ನನ್ನ ಊಹೆ. ಕೆಂಪು ಕಲ್ಲಿನೊಳಗೆ ಅಷ್ಟು ದೂರ ಕೂಗು ಮುಟ್ಟುವುದಿಲ್ಲ.

ಚಿತ್ತಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಗೆಳೆಯನೊಬ್ಬ ಬೇಸಿಗೆ ರಜೆಯಲ್ಲಿ ತನ್ನ ತೋಟದ ಬಾವಿಯಲ್ಲಿ ಮಕ್ಕಳಿಗೆ ಈಸು ಕಲಿಸುತ್ತಾನೆ. ಬೆನ್ನಿಗೆ ಡಬ್ಬಿ, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಅವನ ಕೈಯಲ್ಲಿ. ಈ ಸಲ ಅವನ ಹತ್ತಿರ ಹೋಗಿ ಹೆಬ್ಬೆರಳಿನ ನಿಯಮ ಹೇಳಿದೆ. ಅವನಿಗೆ ಹಿಡಿಸಿತು, ಅನುಮಾನವೂ ಬಂತು. ‘ಹುಡುಗ್ರು ನಿಮಿಷಕ್ಕೊಂದ್ಸಲ ಎತ್ತಿದ್ರ?’ ‘ನಿಮಿಷಕ್ಕೊಂದ್ಸಲ ಮ್ಯಾಲ ತಗಿ.’ ‘ಹಂಗಾದ್ರ ಕಲಿಯೋದು ಯಾವಾಗ?’ ಕರೆದರೆ ಬರುತ್ತಾರೆ ಅಂತ ಗೊತ್ತಾದ ಮೇಲೆ ಮಕ್ಕಳು ಕಡಿಮೆ ಕರೆಯುತ್ತಾರೆ ಅಂದೆ. ನೋಡೋಣ ಅಂದ. ಮಕ್ಕಳನ್ನೆಲ್ಲ ಬಾವಿಕಟ್ಟೆಯ ಮೇಲೆ ಕೂರಿಸಿ, ಒಬ್ಬೊಬ್ಬರ ಕೈಯಲ್ಲೂ ಹೆಬ್ಬೆರಳು ಎತ್ತಿಸಿ, ತಾನೂ ಎತ್ತಿ ತೋರಿಸಿದ. ಮೇಲೆ ಬಂದವನನ್ನು ಯಾರಾದರೂ ನಕ್ಕರೆ ಆ ದಿನ ನಕ್ಕವನಿಗೆ ನೀರಿಲ್ಲ ಅಂತ ತಾನೇ ಒಂದು ನಿಯಮ ಸೇರಿಸಿದ. ಅದು ಗುಹೆಯವರ ನಿಯಮಕ್ಕಿಂತ ಬಿಗಿಯಾಗಿದೆ ಅಂತ ನನ್ನ ಅಭಿಪ್ರಾಯ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ನೀರು ಕದಡಿ ಕೈ ಕಾಣದಿದ್ದರೆ ಹಗ್ಗ ಎಷ್ಟು ಸಲ ಜಗ್ಗಬೇಕು ಅನ್ನುವುದು. ಈಜುವಾಗ ಹಗ್ಗ ತಾನಾಗಿಯೇ ಒಮ್ಮೊಮ್ಮೆ ಜಗ್ಗುತ್ತದೆ, ಒಂದು ಸಾಲದು ಅನ್ನುತ್ತಾನೆ ಗೆಳೆಯ. ಗಾಬರಿಯಾದ ಮಗುವಿಗೆ ಮೂರು ಎಣಿಸಲು ಆಗುವುದಿಲ್ಲ ಅನ್ನುತ್ತೇನೆ ನಾನು. ಎರಡಕ್ಕೆ ಇಬ್ಬರೂ ಅರೆಮನಸ್ಸಿನಿಂದ ಒಪ್ಪಿದ್ದೇವೆ. ಬರುವ ಭಾನುವಾರ ಅಣ್ಣನ ಮಗ ಫೋನ್ ಮಾಡಿದಾಗ ಕೇಳಬೇಕು.